ತಪ್ಪು ತಿಳ್ಕೋಬೇಡಿ, ನೀವು ಯಾವ ಕೋಟಾ?

ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಇಂಜಿನಿಯರಿಂಗ್ ಸೀಟು 2ಬಿ, ಅಂದರೆ ಮುಸ್ಲಿಮರ ಮೀಸಲಾತಿ. ಕೆಲಸ ಜಿಎಂ, ಅಂದರೆ ಜನರಲ್ ಮೆರಿಟ್. ಇಷ್ಟೇ ಬೇಕಾಗಿದ್ದವರು ಇಲ್ಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಉಳಿದವರಿಗೆ ಸ್ವಲ್ಪ ವಿವರ. ನಾನು ರಾಜ್ಯ ಸರಕಾರದ ಒಂದು ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ಹೆಣ್ಣು. ಹೆಸರು ಹೇಳಿದ ತಕ್ಷಣ ಮುಸ್ಲಿಂ ಅಂತ ಗೊತ್ತಾಗುತ್ತದೆ. ಈ ಮೂರೂ ಒಂದೇ ಕುರ್ಚಿಯಲ್ಲಿ ಕೂತಿರುವುದನ್ನು ಕಂಡರೆ ಜನರಿಗೆ ಆ ಒಂದು ಪ್ರಶ್ನೆ ತಡೆಯಲಾಗುವುದಿಲ್ಲ. 9 ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಟ್ರೈನಿಂಗ್‌ನಲ್ಲಿ. ಒಂದು ಸಲ ಹಲ್ಲಿನ ಡಾಕ್ಟರ ಹತ್ತಿರ, ಬಾಯಿ ಅಗಲಿಸಿಕೊಂಡು ಮಲಗಿದ್ದಾಗ.

ನೇರವಾಗಿ ಮಾತ್ರ ಯಾರೂ ಕೇಳುವುದಿಲ್ಲ. ಮುಂದೆ ಒಂದು "ತಪ್ಪು ತಿಳ್ಕೋಬೇಡಿ" ಇರುತ್ತದೆ, ಹಿಂದೆ ಒಂದು "ಸುಮ್ನೆ ಕೇಳಿದೆ" ಇರುತ್ತದೆ. ಮಧ್ಯದಲ್ಲಿ ಪ್ರಶ್ನೆ. ಇನ್ನು ಕೆಲವರು ನಯವಂತರು. "ಸೆಲೆಕ್ಷನ್ ಹೇಗಾಯ್ತು?" ಅನ್ನುತ್ತಾರೆ. ಪರೀಕ್ಷೆ ಬರೆದೆ ಅಂದರೆ "ಅದು ಸರಿ, ಆದ್ರೆ..." ಅಂತ ಎಳೆಯುತ್ತಾರೆ. ಆ "ಆದ್ರೆ" ಆದ ಮೇಲೆ ಅವರು ಸುಮ್ಮನಾಗುತ್ತಾರೆ, ಉಳಿದದ್ದನ್ನು ನಾನೇ ತುಂಬಬೇಕು. ಧೈರ್ಯವಂತರೊಬ್ಬರು ಮಾತ್ರ ಪೂರ್ತಿ ಕೇಳಿದ್ದರು: "ನಿಮಗೆ ಎರಡೂ ಇದೆ ಅಲ್ವಾ, ಲೇಡೀಸೂ 2ಬಿನೂ?" ಡಬಲ್ ಸಿಲಿಂಡರ್ ಕನೆಕ್ಷನ್ ಇದೆ ಅಲ್ವಾ ಅನ್ನುವ ಹಾಗೆ.

ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ ಅಂತ ಹೊಗಳುವವರೂ ಇದ್ದಾರೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. "ನಿಮ್ಮದೂ ಚೆನ್ನಾಗಿದೆ" ಅಂತ ಹೇಳಿ ಕಳಿಸುತ್ತೇನೆ.

ಎರಡೂ ಇದ್ದರೆ ಎರಡು ಸಲ ಲಾಭ ಅಂದುಕೊಂಡವರಿಗೆ ಸೈಟಿನ ಭಾಷೆಯಲ್ಲೇ ಹೇಳುತ್ತೇನೆ. ಎಸ್‌ಸಿ, ಎಸ್‌ಟಿ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಇವೆಲ್ಲ ನಿಂತ ಕಂಬಗಳು. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಇವು ಕಂಬದಿಂದ ಕಂಬಕ್ಕೆ ಹಾಯುವ ತೊಲೆಗಳು. ನಮ್ಮ ರಾಜ್ಯದ ಸರಕಾರಿ ನೇಮಕಾತಿಯಲ್ಲಿ ಮಹಿಳೆಯರಿಗೆ 33% ಅಂದರೆ, ಪ್ರತಿ ಕಂಬದ ಒಳಗೂ ಅಷ್ಟು ಹೆಣ್ಣುಮಕ್ಕಳು ಇರಬೇಕು ಅಂತ. ಜಿಎಂ ಕಂಬದಲ್ಲೂ ಇರಬೇಕು. ಹಾಗಾಗಿ ನೀವು ಅಕ್ಕರೆಯಿಂದ ಓದಿಸುತ್ತಿರುವ ನಿಮ್ಮ ಮಗಳಿಗೂ ಅದು ಇದೆ. ಅವಳನ್ನು ಯಾವ ಕೋಟಾ ಅಂತ ಕೇಳಬೇಡಿ, ಪಾಪ.

ಒಂದು ಕಂಬಕ್ಕೆ ಮಾತ್ರ ಕರ್ನಾಟಕದಲ್ಲಿ ವಿಚಿತ್ರ ಹೆಸರು. ಎಲ್ಲರಿಗೂ ತೆರೆದಿರುವ ವರ್ಗವನ್ನು ನಾವು ಜನರಲ್ ಮೆರಿಟ್ ಅನ್ನುತ್ತೇವೆ. ಕನ್ನಡದ ಆದೇಶಗಳಲ್ಲಿ ಸಾಮಾನ್ಯ ಅರ್ಹತೆ. ಒಂದು ಕಾಲಂಗೆ ಮೆರಿಟ್ ಅಂತ ಹೆಸರಿಟ್ಟ ಮೇಲೆ ಪಕ್ಕದ ಕಾಲಂಗಳಲ್ಲಿ ಏನಿದೆ ಅಂತ ಬೇರೆ ಹೇಳಬೇಕಾ? ಆ ಕಾಲಂ ಯಾವ ಜಾತಿಯ ಸ್ವತ್ತೂ ಅಲ್ಲ. ಉತ್ತರ ಪ್ರದೇಶದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ, ಜನರಲ್‌ನಲ್ಲಿ ಆಯ್ಕೆಯಾದ ಹೆಣ್ಣುಮಕ್ಕಳಿಗಿಂತ ಜಾಸ್ತಿ ಅಂಕ ತೆಗೆದ ಒಬಿಸಿ ಹೆಣ್ಣುಮಕ್ಕಳನ್ನು ಹೊರಗೆ ಬಿಟ್ಟಿದ್ದರು, ನಿಮ್ಮ ಕಂಬ ಬೇರೆ ಅಂತ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪು ಅಂತ ಹೇಳಬೇಕಾಯಿತು. ಮುಕ್ತ ವರ್ಗ ಅಂದರೆ ಮುಕ್ತ, ಅಷ್ಟೆ. ಇಷ್ಟು ಸರಳ ಮಾತಿಗೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತಲ್ಲ.

ಅಂದ ಹಾಗೆ, ಮ್ಯಾನೇಜ್‌ಮೆಂಟ್ ಸೀಟಿನವರನ್ನು ಯಾರಾದರೂ ಹೀಗೆ ನಿಲ್ಲಿಸಿ ಕೇಳಿದ್ದು ನೋಡಿದ್ದೀರಾ? "ತಪ್ಪು ತಿಳ್ಕೋಬೇಡಿ, ನಿಮ್ಮಪ್ಪ ಎಷ್ಟು ಕೊಟ್ರು?" ನನಗಂತೂ ಒಮ್ಮೆ ಕೇಳಿ ನೋಡಬೇಕು ಅಂತ ಆಸೆ ಇದೆ.

ಸರಿ, ಜಿಎಂ ವಿಷಯಕ್ಕೆ ಬರೋಣ. ನಮ್ಮ ಆಯ್ಕೆ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಕಾಲಂ ಇತ್ತು. ಅಭ್ಯರ್ಥಿ ಕೇಳಿದ ಮೀಸಲಾತಿ ಒಂದು, ಆಯ್ಕೆಯಾದ ವರ್ಗ ಇನ್ನೊಂದು. ನನ್ನ ಹೆಸರಿನ ಮುಂದೆ ಮೊದಲನೆಯದರಲ್ಲಿ 2ಬಿ, ಮಹಿಳೆ, ಗ್ರಾಮೀಣ. ಎರಡನೆಯದರಲ್ಲಿ ಬರೀ ಜಿಎಂ. ಆ ಎರಡಕ್ಷರವನ್ನು ನಾನು ವರ್ಷಗಟ್ಟಲೆ ತಾಯತದ ಹಾಗೆ ಕಟ್ಟಿಕೊಂಡು ಓಡಾಡಿದೆ. ಯಾರು ಕೇಳಿದರೂ "ಜಿಎಂ" ಅನ್ನುವುದು, ಅವರ ಮುಖ ನೋಡುವುದು. ಒಂಥರಾ ಮಜಾ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಮಜಾ ಇಳಿದಿದ್ದು ಒಂದು ಶಾಲಾ ಕೊಠಡಿಯ ಛಾವಣಿಗೆ ಕಾಂಕ್ರೀಟ್ ಹಾಕುವ ದಿನ.

ಬೆಳಿಗ್ಗೆ ಏಳಕ್ಕೇ ಮಿಕ್ಸರ್ ಶುರುವಾಗಿತ್ತು. ನಮ್ಮ ಜೆಇ, ಅಂದರೆ ಜೂನಿಯರ್ ಇಂಜಿನಿಯರ್, ನನಗಿಂತ ಹದಿನೈದು ವರ್ಷ ದೊಡ್ಡವರು, ಡಿಪ್ಲೊಮಾ ಮಾಡಿ ಬಂದವರು. ಮಿಕ್ಸರ್ ತಿರುಗುವ ಸದ್ದು ಕೇಳಿಯೇ ನೀರು ಜಾಸ್ತಿಯಾಗಿದೆ ಅನ್ನಬಲ್ಲರು. ನಾನು ಜೀಪಿನಿಂದ ಇಳಿಯುವಷ್ಟರಲ್ಲಿ ಹತ್ತಿರ ಬಂದು ಮೆಲ್ಲಗೆ "ಮೇಡಂ, ಒಂದ್ಸಲ ಸ್ಲಂಪ್ ನೋಡಿ" ಅಂದರು.

ಸ್ಲಂಪ್ ದೊಡ್ಡ ವಿದ್ಯೆಯೇನಲ್ಲ. 30 ಸೆಂಟಿಮೀಟರ್ ಎತ್ತರದ, ಮೇಲೆ ಕೆಳಗೆ ಬಾಯಿ ತೆರೆದ ಕಬ್ಬಿಣದ ಕೋನ್. ಅದಕ್ಕೆ ಹಸಿ ಕಾಂಕ್ರೀಟ್ ತುಂಬಬೇಕು, ಪದರ ಪದರಕ್ಕೂ ಸರಳಿನಿಂದ 25 ಸಲ ಕುಟ್ಟಬೇಕು, ಆಮೇಲೆ ಕೋನನ್ನು ನೇರವಾಗಿ ಮೇಲೆತ್ತಬೇಕು. ಕಾಂಕ್ರೀಟ್ ಎಷ್ಟು ಕುಸಿಯಿತು ಅನ್ನುವುದೇ ಅಳತೆ. ಅವತ್ತು ಅಳೆಯುವುದಕ್ಕೆ ಏನೂ ಉಳಿಯಲಿಲ್ಲ. ಸಗಣಿ ಹಾಗೆ ಹರಡಿಕೊಂಡಿತು. ಬೇಗ ಹರಿಯಲಿ ಅಂತ ಬಕೆಟ್‌ಗಟ್ಟಲೆ ನೀರು ಸುರಿದಿದ್ದರು. ಕೆಲಸ ನಿಲ್ಲಿಸಿದೆ.

ಕಂಟ್ರಾಕ್ಟರ್ ಎದುರು ಮಾತಾಡಲಿಲ್ಲ. ಸ್ವಲ್ಪ ದೂರ ಹೋಗಿ, ಮರಳಿನ ರಾಶಿ ಪಕ್ಕ ನಿಂತು ಯಾರಿಗೋ ಫೋನ್ ಮಾಡಿದರು. ದೂರ ಅನ್ನುವುದು ಅವರ ಲೆಕ್ಕ. ನನಗೆ ಚೆನ್ನಾಗಿ ಕೇಳುತ್ತಿತ್ತು. "ಕೋಟಾದಲ್ಲಿ ಬಂದವ್ರು ಸಾರ್, ಅದಕ್ಕೇ ರೂಲ್ಸ್ ಜಾಸ್ತಿ."

ಈ ಮಾತನ್ನು ಬಿಡಿಸಿ ನೋಡಿ. ಕೋಟಾದವರಿಗೆ ಕೆಲಸ ಬರುವುದಿಲ್ಲ ಅನ್ನುವುದು ತಾನೇ ದಿನನಿತ್ಯದ ದೂರು? ಇಲ್ಲಿ ಕೆಲಸ ಬರುತ್ತದೆ ಅನ್ನುವುದೇ ದೂರು. ನಾನು ಕಣ್ಣು ಮುಚ್ಚಿಕೊಂಡು ಎಂಬಿ (ಬಿಲ್ಲಿಗೆ ಬೇಕಾದ ಅಳತೆ ಪುಸ್ತಕ) ಬರೆದುಕೊಟ್ಟಿದ್ದರೆ ಮೇಡಂ ತುಂಬಾ ಒಳ್ಳೆಯವರು ಆಗುತ್ತಿದ್ದೆ, ಯಾವ ಕೋಟಾ ಅಂತ ನೆನಪೂ ಆಗುತ್ತಿರಲಿಲ್ಲ.

ಆದರೆ ಇಷ್ಟು ಬುದ್ಧಿ ಬಂದಿದ್ದು ರಾತ್ರಿ ಮನೆ ಸೇರಿದ ಮೇಲೆ. ಆ ಹೊತ್ತಿನಲ್ಲಿ ನಾನು ಅಂದಿದ್ದೇ ಬೇರೆ. ಮೇಸ್ತ್ರಿ, ಸೆಂಟ್ರಿಂಗ್‌ನವರು, ಮಿಕ್ಸರ್ ಹತ್ತಿರ ಇದ್ದ ಹೆಂಗಸರು, ಎಲ್ಲರಿಗೂ ಕೇಳುವ ಹಾಗೆ ಅಂದೆ: "ನಾನು ಕೋಟಾ ಅಲ್ಲ ರೀ. ಜಿಎಂ. ಬೇಕಾದ್ರೆ ಲಿಸ್ಟ್ ತೋರಿಸ್ತೀನಿ."

"ಅಯ್ಯೋ, ಹಂಗಲ್ಲ ಮೇಡಂ" ಅಂದರು ಕಂಟ್ರಾಕ್ಟರ್. ಗೆದ್ದೆ ಅನಿಸಿತು. ತಿರುಗಿ ನೋಡಿದರೆ ಜೆಇ ಬಗ್ಗಿ ಕೋನ್ ತೊಳೆಯುತ್ತಿದ್ದರು. ಆಗಲೇ ತೊಳೆದಿಟ್ಟಿದ್ದ ಕೋನ್.

ಅವರು ಎಸ್‌ಸಿ. ಕೆಲಸಕ್ಕೆ ಸೇರಿದ್ದೂ ಆ ಮೀಸಲಾತಿಯಲ್ಲೇ, ಯಾವತ್ತೂ ಅದನ್ನು ಮುಚ್ಚಿಟ್ಟವರಲ್ಲ. ವಾಪಸ್ ಬರುವಾಗ ಜೀಪಿನಲ್ಲಿ ಒಂದೇ ಮಾತು ಆಡಿದರು. "ನೀವು ಜಿಎಂ ಅಂತ ನನಗೆ ಗೊತ್ತಿರಲಿಲ್ಲ ಮೇಡಂ." ಆಮೇಲೆ ಊರು ಬರುವವರೆಗೆ ಹೊರಗೆ ನೋಡುತ್ತಾ ಕೂತರು.

ಕ್ಷಮೆ ಕೇಳಿದೆನಾ? ಇಲ್ಲ. ಏನಂತ ಕೇಳಬೇಕು ಅಂತ ಈಗಲೂ ಹೊಳೆದಿಲ್ಲ. ಅವತ್ತಿನಿಂದ ಜಿಎಂ ಅನ್ನುವುದನ್ನು ನಿಲ್ಲಿಸಿದೆ. ಯಾರಾದರೂ ಕೇಳಿದರೆ "2ಬಿ" ಅನ್ನುತ್ತೇನೆ. ಅದು ಸುಳ್ಳೂ ಅಲ್ಲ. ಸಿಇಟಿಯಲ್ಲಿ ನನ್ನ ರ‍್ಯಾಂಕಿಗೆ ಸರಕಾರಿ ಕಾಲೇಜಿನ ಸಿವಿಲ್ ಸೀಟು ಜಿಎಂನಲ್ಲಿ ಸಿಗುತ್ತಿರಲಿಲ್ಲ. 2ಬಿಯಲ್ಲಿ ಸಿಕ್ಕಿತು. ಆ ಸೀಟು ಇಲ್ಲದಿದ್ದರೆ ಬಿಇ ಇಲ್ಲ. ಬಿಇ ಇಲ್ಲದಿದ್ದರೆ, ಲಿಸ್ಟ್ ತೋರಿಸ್ತೀನಿ ಅಂತ ಎಗರಾಡಿದೆನಲ್ಲ, ಆ ಲಿಸ್ಟೂ ಇಲ್ಲ. ನನ್ನ ಜಿಎಂ ನಿಂತಿರುವುದು 2ಬಿಯ ಪಾಯದ ಮೇಲೆ. ಸಿವಿಲ್ ಓದಿದವಳಿಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು.

ಆ ಪಾಯ ಎಷ್ಟು ಅಗಲ ಅಂತಲೂ ಹೇಳಿಬಿಡುತ್ತೇನೆ, ಕೆಲವರು ಅರ್ಧ ಕಾಲೇಜು ನಮಗೇ ಬರೆದುಕೊಟ್ಟಿದ್ದಾರೆ ಅಂದುಕೊಂಡಿದ್ದಾರೆ. ನೂರಕ್ಕೆ ನಾಲ್ಕು. ಅರವತ್ತು ಜನರ ಕ್ಲಾಸಿನಲ್ಲಿ ಎರಡೂ ಚಿಲ್ಲರೆ ಸೀಟು. 2023ರ ಮಾರ್ಚ್‌ನಲ್ಲಿ ಅದನ್ನೂ ತೆಗೆದು ಬೇರೆಯವರಿಗೆ ಹಂಚುವ ಆದೇಶ ಬಂತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿ ನಿಂತಿತು. ಅಕ್ಕನ ಮಗಳು ಆ ವರ್ಷವೇ ಸಿಇಟಿ ಬರೆಯುತ್ತಿದ್ದಳು. ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. "ಖಾಲಾ, ಈಗ ನಾನು ಯಾವ ಕಾಲಂ?"

ಮೀಸಲಾತಿಯಿಂದ ಸಾಮರ್ಥ್ಯ ಕೆಟ್ಟುಹೋಗುತ್ತದೆ ಅನ್ನುವ ವಾದ ಹೊಸದಲ್ಲ. 1918ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್, ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೂ ಪಾಲು ಸಿಗುವುದು ಹೇಗೆ ಅಂತ ನೋಡಲು ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ. ಆ ಹೊತ್ತಿಗೇ ದಿವಾನಗಿರಿಯನ್ನೂ ಬಿಟ್ಟರು. ಪ್ರತಿ ಸೆಪ್ಟೆಂಬರ್ 15ಕ್ಕೆ ಆಫೀಸಿನಲ್ಲಿ ಅವರ ಫೋಟೋಗೆ ಹಾರ ಹಾಕುವವರಲ್ಲಿ ನಾನೂ ಒಬ್ಬಳು. ಕಟ್ಟೆ ಕಟ್ಟಿದವರ ಮೇಲೆ ಭಕ್ತಿಯೇನೂ ಕಡಿಮೆಯಿಲ್ಲ. ಆದರೆ ಒಂದು ತಕರಾರಿದೆ, ಫೋಟೋ ಜೊತೆ ಜಗಳ ಆಡಲಾಗುವುದಿಲ್ಲ.

ಇನ್ನು ಅಂಕ ಇದ್ದರೆ ಸಾಕು, ಯಾರನ್ನೂ ಯಾರೂ ತಡೆಯುವುದಿಲ್ಲ ಅನ್ನುವವರು ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರ ಕೇಸು ಓದಬೇಕು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆದುಕೊಟ್ಟು ಸೇರಬೇಕಾಯಿತು. ಸಂದರ್ಶನದ ಅಧ್ಯಕ್ಷರೇ, ನಿಮಗೆ ಮೌಖಿಕದಲ್ಲಿ ಕಡಿಮೆ ಅಂಕ ಬೀಳುವ ಹಾಗೆ ಮಾಡಿದ್ದು ನಾನೇ ಅಂತ ಆಮೇಲೆ ತಮಗೆ ಹೇಳಿದ್ದಾಗಿ ಅವರು ಅರ್ಜಿಯಲ್ಲಿ ಬರೆದಿದ್ದಾರೆ. ಮೂವತ್ತು ವರ್ಷ ದುಡಿದು, ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಬಡ್ತಿ ಬಂತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರಕಾರಕ್ಕೆ ಸರಿಯಾಗಿ ಬಿಸಿ ಮುಟ್ಟಿಸಿದರು. ಕಡಿಮೆ ಅಂಕ ಕೊಟ್ಟ ಮೇಲೂ ಪಾಸಾಗಿ ಬಂದವರನ್ನು ಯಾವ ಕಾಲಂನಲ್ಲಿ ಹಾಕುತ್ತೀರಿ?

ನಿಜ ಹೇಳಬೇಕೆಂದರೆ, ನನ್ನನ್ನು ಕೇಳುವುದಾದರೆ ಬೇರೆ ಪ್ರಶ್ನೆ ಕೇಳಿ. ನಿಮಗಿಂತ ಚೆನ್ನಾಗಿ ಓದುತ್ತಿದ್ದವರು ಈಗ ಎಲ್ಲಿದ್ದಾರೆ ಅಂತ ಕೇಳಿ.

ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಬ್ಬಳಿದ್ದಳು. ಇಂಟಿಗ್ರೇಷನ್ ಲೆಕ್ಕ ನನಗೆ ಹೇಳಿಕೊಟ್ಟವಳು ಅವಳೇ. ಲೆಕ್ಚರರ್ ಬೋರ್ಡಿನ ಮೇಲೆ ಅರ್ಧ ಬರೆಯುವಷ್ಟರಲ್ಲಿ ಪೆನ್ನಿನ ಕ್ಯಾಪ್ ಹಾಕಿ ಕೂತಿರುತ್ತಿದ್ದಳು. ಸಿಇಟಿಯಲ್ಲಿ ನನಗಿಂತ ಎಷ್ಟೋ ಮೇಲಿನ ರ‍್ಯಾಂಕ್. ಜಿಎಂನಲ್ಲೇ ಸೀಟು ಬಂತು, ಬೇರೆ ಜಿಲ್ಲೆಯ ಕಾಲೇಜು. ಅಲಾಟ್‌ಮೆಂಟ್ ಕಾಗದದ ಪ್ರಿಂಟ್ ತೆಗೆಸಲು ಸೈಬರ್ ಸೆಂಟರಿಗೆ ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಅವಳು ಅದನ್ನು ಮಡಚದೆ, ರೆಕಾರ್ಡ್ ಬುಕ್ಕಿನ ಮಧ್ಯೆ ಇಟ್ಟುಕೊಂಡು ಮನೆಗೆ ಹೋದಳು. ಹಾಸ್ಟೆಲಿನಲ್ಲಿ ಇದ್ದು ಓದುವಂಥದ್ದು ಏನಿದೆ, ಇಲ್ಲೇ ಡಿಗ್ರಿ ಕಾಲೇಜು ಇಲ್ಲವಾ ಅಂದರಂತೆ ಅವರಪ್ಪ. ಅಲ್ಲಿಗೆ ಮುಗಿಯಿತು. ಕೂಗಾಟವಿಲ್ಲ, ಅಳುವಿಲ್ಲ.

ಆ ಸೀಟು ಮುಂದಿನ ರೌಂಡಿಗೆ ಹೋಯಿತು. ಯಾರಿಗೋ ಸಿಕ್ಕಿರುತ್ತದೆ. ಅವರು ಈಗ ಎಲ್ಲೋ ಇಂಜಿನಿಯರ್ ಆಗಿರುತ್ತಾರೆ, ಜಿಎಂ ಅಂತ ನಿಶ್ಚಿಂತೆಯಿಂದ ಹೇಳಿಕೊಳ್ಳುತ್ತಿರುತ್ತಾರೆ. ಒಬ್ಬಳು ಹುಡುಗಿ ಮನೆಯಲ್ಲೇ ಉಳಿದದ್ದರಿಂದ ಸಿಕ್ಕ ಸೀಟು ಅದು. ಅದಕ್ಕೆ ಯಾವ ಕೋಡೂ ಇಲ್ಲ, ಯಾವ ಕಾಲಂನಲ್ಲೂ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಅಂಥ ಸೀಟುಗಳು ಎಷ್ಟು ಕೈ ಬದಲಾಗಿರಬಹುದು, ನೀವೇ ಲೆಕ್ಕ ಹಾಕಿ. ಅವಳಾಗಿದ್ದರೆ ಬೇಗ ಹಾಕುತ್ತಿದ್ದಳು.

ನಮ್ಮ ಆಫೀಸಿನ ಲೇಡೀಸ್ ಟಾಯ್ಲೆಟ್ ಬಗ್ಗೆಯೂ ಬರೆಯಬೇಕು ಅಂತಿದ್ದೆ. ಅದರಲ್ಲಿ ಹಳೆಯ ಎಂಬಿ ಬಂಡಲ್‌ಗಳನ್ನು ತುಂಬಿಟ್ಟಿದ್ದಾರೆ, ಬೀಗದ ಕೈ ಎಫ್‌ಡಿಎ ಹತ್ತಿರ ಇರುತ್ತದೆ. ಇಡೀ ತಾಲೂಕಿನ ಶಾಲೆಗಳಿಗೆ ಶೌಚಾಲಯದ ಎಸ್ಟಿಮೇಟ್ ಮಾಡುವವಳು ನಾನು. ಅದು ಇನ್ನೊಂದು ದಿನಕ್ಕಿರಲಿ.

ಕಳೆದ ವಾರ ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ರಿಟೈರ್ಡ್ ಮೇಷ್ಟ್ರು, ಒಳ್ಳೆಯ ಮನುಷ್ಯ. ಏನು ಕೆಲಸ, ಎಲ್ಲಿ ಓದಿದ್ದು, ಹೆಸರೇನು, ಎಲ್ಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬರುತ್ತಿದೆ ಅಂತ ನನಗೆ ಗೊತ್ತಾಯಿತು.

"ತಪ್ಪು ತಿಳ್ಕೋಬೇಡಮ್ಮ..."

"2ಬಿ ಸಾರ್" ಅಂದೆ.

ಅವರು ನನ್ನ ಮುಖ ನೋಡಿದರು. ತಲೆ ಅಲ್ಲಾಡಿಸಿದರು. ಸಮಾಧಾನ ಮಾಡುವ ದನಿಯಲ್ಲಿ, ನಿಜವಾಗಲೂ ಪ್ರೀತಿಯಿಂದ, "ಪರವಾಗಿಲ್ಲ ಬಿಡಮ್ಮ" ಅಂದರು.

ಯಾವುದು ಪರವಾಗಿಲ್ಲ ಅಂತ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರ ಬಸ್ ಬಂತು.