ಡಿಟೆಕ್ಟರ್ ಡಬ್ಬಿಯ ಮುಚ್ಚಳ ಬಿಚ್ಚುವ ಮುನ್ನ

ರಾಯಚೂರು ಕಡೆ ತೌಡಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಪ್ಲಾಂಟುಗಳಲ್ಲಿ ಎಣ್ಣೆ ಕರಗಿಸಲು ಬಳಸುವ ಹೆಕ್ಸೇನ್ ದ್ರವದ ಆವಿ ಹಿಡಿಯಲು ಗ್ಯಾಸ್ ಡಿಟೆಕ್ಟರ್ ಕೂರಿಸಿರುತ್ತಾರೆ. ಅದರ ಫ್ಲೇಮ್‌ಪ್ರೂಫ್ ಡಬ್ಬಿಯೊಳಗೆ ಗ್ಯಾಸ್ ಹೋಗುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಹೋಗುತ್ತದೆ. ಒಳಗೆ ಕಿಡಿ ಹಾರಿ ಸ್ಫೋಟವಾದರೆ ಡಬ್ಬಿ ಆ ಒತ್ತಡ ತಾಳಬೇಕು, ಮುಚ್ಚಳ ಡಬ್ಬಿಗೆ ಕೂಡುವ ಜಾಯಿಂಟಿನ ಸಂದಿಯಲ್ಲಿ ನುಸುಳುವ ಬೆಂಕಿ ಹೊರಬರುವಷ್ಟರಲ್ಲಿ ತಣ್ಣಗಾಗಬೇಕು. ಡಬ್ಬಿಯ ಜೀವ ಇರುವುದು ಆ ಸಂದಿಯಲ್ಲಿ.

ಮುಚ್ಚಳದ ತಿರುಪಿನ ಎಳೆ (ಥ್ರೆಡ್) ಕನಿಷ್ಠ 5 ಸುತ್ತು ಪೂರ್ತಿ ಕಚ್ಚಿರಬೇಕು. ತೌಡಿನ ಧೂಳು ಎಣ್ಣೆಯ ಜೊತೆ ಸೇರಿ ಆ ಎಳೆಗಳಲ್ಲಿ ಅಂಟಿನಂತೆ ಗಟ್ಟಿಯಾಗುತ್ತದೆ. ಮೂರನೇ ಸುತ್ತಿಗೇ ಮುಚ್ಚಳ ಬಿಗಿಯಾದಂತೆ ಅನಿಸುತ್ತದೆ. ಆಗ ಎಮರಿ ಕಾಗದ, ತಂತಿ ಬ್ರಷ್ ಮುಟ್ಟಲೇಬಾರದು. ಲೋಹ ಸವೆದರೆ ಗ್ಯಾಪ್ ಹಿಗ್ಗುತ್ತದೆ. ಬಟ್ಟೆಯಿಂದ ಒರೆಸಿ, ತಯಾರಕರು ಹೇಳಿದ ಗಟ್ಟಿಯಾಗದ ಗ್ರೀಸನ್ನು ತೆಳುವಾಗಿ ಸವರಿ. ಮಳೆ ನೀರು ತಡೆಯಲೆಂದು ಸಿಲಿಕೋನ್ ಸೀಲಂಟ್ ಮೆತ್ತುವುದು ದೊಡ್ಡ ತಪ್ಪು: ಜಾಯಿಂಟ್ ಕೆಡುತ್ತದೆ, ಮೇಲಾಗಿ ಸಿಲಿಕೋನ್ ಆವಿ ಗ್ಯಾಸನ್ನು ಉರಿಸಿ ಅಳೆಯುವ ಕ್ಯಾಟಲಿಟಿಕ್ ಸೆನ್ಸರಿನ ಮಣಿಯನ್ನೇ ಕೊಲ್ಲುತ್ತದೆ. ಸತ್ತ ಸೆನ್ಸರ್ ಸೊನ್ನೆ ತೋರಿಸುತ್ತದೆ, ನೋಡಿದವರಿಗೆ ಎಲ್ಲ ಚೆನ್ನಾಗಿದೆ ಅನಿಸುತ್ತದೆ.

ಕೇಬಲ್ ಒಳಬರುವಲ್ಲಿ ಬಿಗಿಯುವ ಗ್ಲ್ಯಾಂಡೂ ಫ್ಲೇಮ್‌ಪ್ರೂಫ್ ಇರಬೇಕು, ಬಳಸದ ತೂತಿಗೆ ಸರ್ಟಿಫಿಕೇಟ್ ಇರುವ ಪ್ಲಗ್ಗೇ ಹಾಕಬೇಕು. ಪ್ಲಾಸ್ಟಿಕ್ ಬಿರಡೆ ಹಾಕಿದ ಡಬ್ಬಿ ಫ್ಲೇಮ್‌ಪ್ರೂಫ್ ಅಲ್ಲ.

ನೇಮ್‌ಪ್ಲೇಟ್ ಓದಿಯೇ ಖರೀದಿಸಿ. ಹೆಕ್ಸೇನ್‌ಗೆ ಗ್ಯಾಸಿನ ಗುಂಪು ಐಐಎ (IIA) ಸಾಕು, ತಾಪ ವರ್ಗ ಟಿ3 (T3) ಅಥವಾ ಅದಕ್ಕಿಂತ ಬಿಗಿ, ಅಂದರೆ ಮೇಲ್ಮೈ 200 ಡಿಗ್ರಿ ಮೀರದಂಥದ್ದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲಿನಿಂದ ಕೋಕ್ ಮಾಡುವ ಓವನ್ ಕಡೆ ಇದೇ ಡಬ್ಬಿ ನಡೆಯದು. ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೈಡ್ರೋಜನ್, ಅದರ ಬೆಂಕಿ ಇನ್ನೂ ಕಿರಿದಾದ ಸಂದಿಯಲ್ಲೂ ನುಸುಳುತ್ತದೆ. ನಮ್ಮ ಬಿಸಿಲಿಗೆ ಇನ್ನೊಂದು ಮಾತು: ಪ್ಲೇಟಿನಲ್ಲಿ ಸುತ್ತಲಿನ ತಾಪ ಬರೆದಿಲ್ಲವೆಂದರೆ ಅದು 40 ಡಿಗ್ರಿವರೆಗೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ ಅದು ದಾಟುತ್ತದೆ. 55 ಅಥವಾ 60 ಎಂದು ಬರೆದದ್ದನ್ನೇ ಕೇಳಿ ಪಡೆಯಿರಿ, ಮೇಲೊಂದು ತಗಡಿನ ಮರೆ ಕಟ್ಟಿಸಿ.

ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ. ಡಿಟೆಕ್ಟರ್ ನೆಲದಿಂದ ಒಂದೂವರೆ ಅಡಿಯೊಳಗೆ ಇರಲಿ. ಅಷ್ಟು ಕೆಳಗಿದ್ದರೆ ತೊಳೆಯುವ ನೀರು, ಧೂಳು ಎರಡೂ ತಾಗುತ್ತವೆ. ಸೆನ್ಸರಿನ ಮುಂದಿನ ಸಣ್ಣ ರಂಧ್ರಗಳ ಲೋಹದ ಬಿಲ್ಲೆಯೂ ಬೆಂಕಿ ತಡೆಯುವ ಭಾಗವೇ. ಅದು ಮುಚ್ಚಿಕೊಂಡರೆ ಗ್ಯಾಸ್ ಒಳಗೇ ಹೋಗದು, ಪಿನ್ನಿನಿಂದ ಚುಚ್ಚಿದರೆ ರಕ್ಷಣೆ ಹೋಯಿತು. ಬದಲಾಯಿಸುವುದೊಂದೇ ದಾರಿ. ಬದಲಾಯಿಸಿದ ಮೇಲೆ ಮೀಥೇನ್ ಸಾಲದು, ಹೆಕ್ಸೇನ್‌ಗೇ ಹೊಂದಿಸಿ ಕ್ಯಾಲಿಬ್ರೇಟ್ ಮಾಡಿಸಿ. ಮೀಥೇನ್‌ಗೆ ಹೊಂದಿಸಿದ ಸೆನ್ಸರ್ ಹೆಕ್ಸೇನ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಹೆಕ್ಸೇನ್ ಆದರೋ ಗಾಳಿಯಲ್ಲಿ ಬರೀ 1.1 ಶೇಕಡಾಕ್ಕೆ ಹೊತ್ತಿಕೊಳ್ಳುತ್ತದೆ.