ಡೊರೊಥಿ ಡೇ ಬದುಕಿದ ನ್ಯೂಯಾರ್ಕಿನಲ್ಲಿ ಎರಡು ದಿನ

ಬಡವರಿಗಾಗಿ ‘ಕ್ಯಾಥೊಲಿಕ್ ವರ್ಕರ್’ ಚಳವಳಿ ಕಟ್ಟಿದ ಅಮೆರಿಕದ ಪತ್ರಕರ್ತೆ ಡೊರೊಥಿ ಡೇ ಇದ್ದ ಜಾಗಗಳನ್ನು ನೋಡಲು ನ್ಯೂಯಾರ್ಕಿಗೆ ಹೊರಟಿದ್ದೀರಾ? ಅಲ್ಲಿ ಟಿಕೆಟ್ ಕೌಂಟರ್ ಇಲ್ಲ, ಗೈಡ್ ಕೂಡ ಇಲ್ಲ. ಎರಡು ದಿನ ಇಟ್ಟುಕೊಳ್ಳಿ, ಒಳ್ಳೆ ಶೂ ಹಾಕಿಕೊಳ್ಳಿ.

ನಾನು ಯೂನಿಯನ್ ಸ್ಕ್ವೇರ್‌ನಿಂದ ಶುರು ಮಾಡಿದೆ. 1933ರ ಮೇ 1ರಂದು ಕಾರ್ಮಿಕರ ಮೆರವಣಿಗೆಯ ನಡುವೆ ಆಕೆಯ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯ ಮೊದಲ ಸಂಚಿಕೆ ಮಾರಿದ್ದು ಇಲ್ಲೇ. ಬೆಲೆ ಒಂದು ಸೆಂಟ್. ಆ ಬೆಲೆ ಇವತ್ತಿಗೂ ಏರಿಲ್ಲ! ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಈಸ್ಟ್ ಫಸ್ಟ್ ಸ್ಟ್ರೀಟ್‌ನಲ್ಲಿ ಸೇಂಟ್ ಜೋಸೆಫ್ ಹೌಸ್, ಈಸ್ಟ್ ಥರ್ಡ್ ಸ್ಟ್ರೀಟ್‌ನಲ್ಲಿ ಮೇರಿಹೌಸ್. ಎರಡೂ ಆ ಚಳವಳಿಯವರು ಬಡವರಿಗಾಗಿ ನಡೆಸುವ ಮನೆಗಳು. ಸಬ್‌ವೇಯಲ್ಲಾದರೆ ಎಫ್ ರೈಲು ಹತ್ತಿ ಸೆಕೆಂಡ್ ಅವೆನ್ಯೂದಲ್ಲಿ ಇಳಿಯಿರಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮುಂಚೆ ಫೋನ್ ಮಾಡದೆ, ಕೊರಳಿಗೆ ಕ್ಯಾಮೆರಾ ನೇತು ಹಾಕಿಕೊಂಡು ಹೋಗಿಬಿಟ್ಟೆ. ಬಾಗಿಲ ಮುಂದೆ ಸೂಪ್‌ಗಾಗಿ ಜನ ಸಾಲು ನಿಂತಿದ್ದರು. ಕ್ಯಾಮೆರಾ ಕಂಡ ಒಬ್ಬ ಅಜ್ಜ ಮುಖ ಆ ಕಡೆ ತಿರುಗಿಸಿಕೊಂಡರು. ನಾಚಿಕೆಯಾಗಿ ಸುಮ್ನೆ ವಾಪಸ್ ಬಂದೆ. ಇವು ಮ್ಯೂಸಿಯಂ ಅಲ್ಲ, ಜನ ವಾಸ ಮಾಡುವ ಮನೆಗಳು. ಫೋನ್ ಮಾಡಿ, ಏನಾದರೂ ಕೆಲಸ ಇದೆಯಾ ಅಂತ ಕೇಳಿ. ನಾನು ಮರುದಿನ ಬೆಳಗ್ಗೆ ಹಾಗೆ ಕೇಳಿಕೊಂಡು ಹೋಗಿ ಒಂದು ಗಂಟೆ ಬಟ್ಟಲು ತೊಳೆದೆ. ಡೇ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆಕೆ ಫ್ರಾನ್ಸಿನ ಲಿಸಿಯು ಊರಿನ ಸಂತ ತೆರೇಸಳ ಬಗ್ಗೆ ಒಂದು ಪುಸ್ತಕವನ್ನೇ ಬರೆದವರು. ಸಣ್ಣ ಕೆಲಸವನ್ನೇ ಪ್ರೀತಿಯಿಂದ ಮಾಡು ಅನ್ನುವುದು ಆ ತೆರೇಸಳ ದಾರಿ. ಸಿಂಕಿನ ಮುಂದೆ ನಿಂತಾಗ ಅದು ಓದಿದ್ದಕ್ಕಿಂತ ಜಾಸ್ತಿ ಅರ್ಥವಾಯಿತು. 1980ರ ನವೆಂಬರ್ 29ರಂದು ಡೇ ತೀರಿಕೊಂಡದ್ದು ಮೇರಿಹೌಸ್‌ನಲ್ಲಿ.

ಡೇ ಸಮಾಧಿ ಇರುವುದು ಸ್ಟೇಟನ್ ಐಲೆಂಡ್ ಎಂಬ ದ್ವೀಪದಲ್ಲಿ, ಅಲ್ಲಿಗೆ ಫೆರ್ರಿ ದೋಣಿಯಲ್ಲಿ ಹೋಗಬೇಕು. ಮೇರಿಹೌಸ್‌ನಿಂದ ಫೆರ್ರಿಗೆ ಹೋಗುವ ದಾರಿಯಲ್ಲಿ ಸಿಟಿ ಹಾಲ್ ಪಾರ್ಕ್ ಸಿಗುತ್ತದೆ. 1955ರಲ್ಲಿ ಅಣುಬಾಂಬ್ ದಾಳಿಯ ಕವಾಯತು ನಡೆದಾಗ ಒಳಗೆ ಅಡಗಿಕೊಳ್ಳಲು ಒಪ್ಪದೆ ಡೇ ಇಲ್ಲೇ ಕೂತರು, ಬಂಧನವಾಯಿತು. ದಿನಾ ಚರ್ಚಿನಲ್ಲಿ ಬಲಿಪೂಜೆ (ಮಾಸ್), ಜಪಮಾಲೆ, ನಡುನಡುವೆ ಜೈಲು! ಹಾಗಿತ್ತು ಆಕೆಯ ಭಕ್ತಿ.

ಸ್ಟೇಟನ್ ಐಲೆಂಡ್ ಫೆರ್ರಿ ಪೂರ್ತಿ ಉಚಿತ. ವೈಟ್‌ಹಾಲ್ ಟರ್ಮಿನಲ್ ಹೊರಗೆ ಟಿಕೆಟ್ ಮಾರುವವರು ಅಡ್ಡ ಬಂದರೆ ನಂಬಬೇಡಿ. ಸುಮಾರು 25 ನಿಮಿಷದ ಪ್ರಯಾಣ. ಹೋಗುವಾಗ ಬಲಗಡೆ ನಿಂತರೆ ಸ್ವಾತಂತ್ರ್ಯ ದೇವಿಯ ಪ್ರತಿಮೆ ಚೆನ್ನಾಗಿ ಕಾಣುತ್ತದೆ. ಇಳಿದ ಮೇಲೆ ಸೇಂಟ್ ಜಾರ್ಜ್‌ನಿಂದ ರೈಲು. ಕೊನೆಯ ಸ್ಟೇಷನ್ ಟಾಟನ್‌ವಿಲ್. ಡೇ 1927ರ ಡಿಸೆಂಬರಿನಲ್ಲಿ ದೀಕ್ಷಾಸ್ನಾನ ಪಡೆದ ಚರ್ಚ್ ಆ ಊರಿನಲ್ಲೇ ಇದೆ. ಇದೇ ದ್ವೀಪದ ಕಡಲತೀರದ ಸ್ಪ್ಯಾನಿಷ್ ಕ್ಯಾಂಪ್ ಎಂಬ ಜಾಗದಲ್ಲಿದ್ದ ಆಕೆಯ ಪುಟ್ಟ ಮನೆಯನ್ನು ಹುಡುಕಲು ಹೋಗಬೇಡಿ, 2001ರಲ್ಲೇ ಕೆಡವಿದ್ದಾರೆ.

ಸಮಾಧಿ ಇರುವುದು ಪ್ಲೆಸೆಂಟ್ ಪ್ಲೇನ್ಸ್‌ನ ರಿಸರೆಕ್ಷನ್ ಸ್ಮಶಾನದಲ್ಲಿ. ಮೊದಲು ಆಫೀಸಿನಲ್ಲಿ ಜಾಗ ಕೇಳಿಕೊಳ್ಳಿ. ನೆಲಮಟ್ಟದ ಸಣ್ಣ ಕಲ್ಲು ಅದು. ನಾನು ಎರಡು ಸಲ ಪಕ್ಕದಲ್ಲೇ ಹಾದುಹೋದರೂ ಕಾಣಲಿಲ್ಲ. ಮೇಲೆ ರೊಟ್ಟಿ ಮತ್ತು ಮೀನಿನ ಚಿತ್ರ, ಲ್ಯಾಟಿನ್‌ನಲ್ಲಿ ‘ದೇವರಿಗೆ ವಂದನೆ’ ಎಂಬ ಎರಡೇ ಪದ. ಸಂತ ಪದವಿಯ ವಿಚಾರಣೆ 2000ದಲ್ಲಿ ಶುರುವಾಗಿದೆ, ಈಗ ಆಕೆ ‘ದೇವರ ಸೇವಕಿ’, ಅಂದರೆ ಆ ದಾರಿಯ ಮೊದಲ ಮೆಟ್ಟಿಲು. ಕಲ್ಲಿನ ಮೇಲೆ ಅದೊಂದೂ ಇಲ್ಲ.

ಅದೃಷ್ಟ ಇದ್ದರೆ ವಾಪಸ್ ಬರುವಾಗ ‘ಡೊರೊಥಿ ಡೇ’ ಹೆಸರಿನ ಫೆರ್ರಿಯೇ ಸಿಗಬಹುದು, 2023ರಿಂದ ಓಡುತ್ತಿದೆ. ನನಗೆ ಸಿಗಲಿಲ್ಲ.