ವಂಕಿ ಎದೆಗೇರುವುದಿಲ್ಲ

ಎರಡನೆಯ ಹೆರಿಗೆಯಾದ ಮರುದಿನ ವಾರ್ಡಿಗೆ ಬಂದ ನರ್ಸ್, ತಾಯಿ ಕಾರ್ಡಿನಲ್ಲಿ ಏನನ್ನೋ ಬರೆಯುತ್ತಲೇ, "ಇನ್ನು ಮಕ್ಕಳಾಗದಂತೆ ಆಪರೇಷನ್ನೋ, ವಂಕಿಯೋ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, "ವಂಕಿ ಬೇಡಮ್ಮ, ಅದು ಮೇಲಕ್ಕೇರಿ ಎದೆಗೆ ಹೋಗುತ್ತಂತೆ" ಎಂದರು. ನರ್ಸ್ ನಕ್ಕು ಮುಂದಿನ ಹಾಸಿಗೆಗೆ ಹೋದರು. 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಲು ಮುಂದಾದ ಮೈಸೂರು ಸೀಮೆಯಲ್ಲಿ ಆ ನಗುವಿಗಿಂತ ಸ್ವಲ್ಪ ಹೆಚ್ಚಿನ ವಿವರಣೆಯನ್ನು ನಿರೀಕ್ಷಿಸುವುದು ತಪ್ಪಲ್ಲವೆಂದು ನನಗೆ ಅನ್ನಿಸಿತು. ಬಾಣಂತನದ ಆರು ವಾರ ಓದಿ, ಬೇರೊಬ್ಬ ವೈದ್ಯೆಯನ್ನು ವಿಚಾರಿಸಿ, ಕೊನೆಗೆ ನಾನು ವಂಕಿಯನ್ನೇ ಹಾಕಿಸಿಕೊಂಡೆ.

ವಂಕಿ ಎಂದರೆ ಕಾಪರ್ ಟಿ, ಅಂದರೆ ತಾಮ್ರದ ತಂತಿ ಸುತ್ತಿದ ಸಣ್ಣ ಪ್ಲಾಸ್ಟಿಕ್ ಸಾಧನ. ಗರ್ಭಕೋಶದೊಳಗೆ ಅದು ಬಿಡುಗಡೆ ಮಾಡುವ ತಾಮ್ರದ ಅಯಾನುಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸುವುದರಿಂದ ಅವು ಅಂಡವನ್ನು ತಲುಪಿ ಫಲಿಸುವುದೇ ಅಪರೂಪವಾಗುತ್ತದೆ. 380ಎ ಮಾದರಿ 10 ವರ್ಷ, 375 ಮಾದರಿ 5 ವರ್ಷ ಕೆಲಸ ಮಾಡುತ್ತದೆ. ಬಳಸುವ 100 ಮಹಿಳೆಯರಲ್ಲಿ ಮೊದಲ ವರ್ಷ ಗರ್ಭ ನಿಲ್ಲುವುದು ಒಬ್ಬರಿಗಿಂತ ಕಡಿಮೆ. ಅತ್ತೆಯವರ ಭಯಕ್ಕೂ ಒಂದು ಬೇರಿದೆ: ಹಾಕುವಾಗ ಸುಮಾರು 1,000ಕ್ಕೆ ಒಬ್ಬರಲ್ಲಿ ಗರ್ಭಕೋಶದ ಗೋಡೆ ತೂತಾಗಿ ವಂಕಿ ಹೊಟ್ಟೆಯೊಳಗೆ ಸೇರುವುದುಂಟು, ಆಗ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ. ಆದರೆ ಹೊಟ್ಟೆಗೂ ಎದೆಗೂ ನಡುವೆ ವಪೆಯೆಂಬ ಸ್ನಾಯುವಿನ ಗೋಡೆಯಿದೆ. ನಿಜವಾಗಿ ಎಚ್ಚರಿಸಬೇಕಾದ ಸಂಗತಿಯನ್ನು ನನಗೆ ಯಾರೂ ಹೇಳಿರಲಿಲ್ಲ: ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವೂ ಹೊಟ್ಟೆನೋವೂ ಹೆಚ್ಚುತ್ತವೆ. ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆಯಿದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ, ಹೆಚ್ಚುವರಿ ಸ್ರಾವವನ್ನು ಸಣ್ಣ ತೊಂದರೆಯೆಂದು ತಳ್ಳಿಹಾಕುವಂತಿಲ್ಲ. ನನಗೂ ನಾಲ್ಕು ತಿಂಗಳು ಕಬ್ಬಿಣಾಂಶದ ಮಾತ್ರೆ ಬೇಕಾಯಿತು.

ಉಚಿತವಾಗಿ ಸಿಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್‌ನಲ್ಲಿ 21 ಹಾರ್ಮೋನ್ ಮಾತ್ರೆಗಳೂ 7 ಕಬ್ಬಿಣಾಂಶದ ಮಾತ್ರೆಗಳೂ ಇರುತ್ತವೆ. ಅದು ಅಂಡ ಬಿಡುಗಡೆಯನ್ನೇ ತಡೆಯುತ್ತದೆ, ಆದರೆ ದಿನ ತಪ್ಪಿಸಿದರೆ ಸೋಲುತ್ತದೆ. ಇದರ ದೊಡ್ಡ ಅಪಾಯವೆಂದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಇಂತಹ ಮಾತ್ರೆ ಬಳಸುವ 10,000 ಮಹಿಳೆಯರಲ್ಲಿ ವರ್ಷಕ್ಕೆ 3ರಿಂದ 9 ಮಂದಿಗೆ ಹೀಗಾಗಬಹುದು. ಹೆರಿಗೆಯ ನಂತರದ ವಾರಗಳಲ್ಲಿ ಆ ಪ್ರಮಾಣ ಮಾತ್ರೆಯಿಲ್ಲದೆಯೇ ಇದರ ಹಲವು ಪಟ್ಟು ಇರುವುದರಿಂದ ಹಸಿ ಬಾಣಂತಿಗೆ ಈ ಮಾತ್ರೆ ಕೊಡುವುದಿಲ್ಲ. ರಕ್ತದೊತ್ತಡವಿರುವವರಿಗೂ, ಕಣ್ಣಮುಂದೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರಿಗೂ ಇದು ಸಲ್ಲದು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲದ ಕಾರಣ ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮುಟ್ಟು ಮುಂದೂಡಿ ಗಾಬರಿಪಡಿಸುವುದು ಇದರ ಸ್ವಭಾವ.

ನನ್ನ ನಾದಿನಿ ಮೂರು ತಿಂಗಳಿಗೊಮ್ಮೆ ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದಳು. ಮುಟ್ಟು ನಿಂತಾಗ ಕೆಟ್ಟ ರಕ್ತ ಒಳಗೇ ಉಳಿಯಿತೆಂದು ಹೆದರಿ ಮೂರನೆಯ ಸರದಿಗೆ ಹೋಗಲಿಲ್ಲ. ಗರ್ಭಕೋಶದ ಒಳಪದರ ತೆಳುವಾಗಿಯೇ ಉಳಿಯುವುದರಿಂದ ಹೊರಬರಲು ರಕ್ತವೇ ಸಂಗ್ರಹವಾಗಿರುವುದಿಲ್ಲ ಎಂಬ ಒಂದು ವಾಕ್ಯವನ್ನು ಮೊದಲೇ ಹೇಳಿದ್ದರೆ ಅವಳು ಹೆದರುತ್ತಿರಲಿಲ್ಲ. ಇದನ್ನು ಬಿಟ್ಟ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗಬಹುದು ಎಂಬುದನ್ನೂ ಹೇಳಬೇಕಿತ್ತು. ಕಾಂಡೋಮಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಲೈಂಗಿಕ ಸೋಂಕುಗಳಿಂದಲೂ ರಕ್ಷಣೆ ಕೊಡುವುದು ಅದೊಂದೇ, ಸರಿಯಾಗಿ ಬಳಸದಿದ್ದರೆ ಸೋಲುವುದರಲ್ಲಿಯೂ ಅದು ಮುಂದೆ.

ಉಳಿದದ್ದು ಆಪರೇಷನ್. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿ ಆಪರೇಷನ್ ಮಾಡಿಸಿಕೊಂಡವರು 37.9 ಶೇಕಡಾ, ಗಂಡ ಮಾಡಿಸಿಕೊಂಡವರು 0.3 ಶೇಕಡಾ. ಹೆಣ್ಣಿಗೆ ಹೊಟ್ಟೆ ತೆರೆದು ಅಂಡನಾಳಗಳನ್ನು ಕಟ್ಟಬೇಕು. ಅಪರೂಪಕ್ಕೆ ಅದು ವಿಫಲವಾದರೆ ನಾಳದಲ್ಲೇ ಗರ್ಭ ಕಟ್ಟಿ ಪ್ರಾಣಕ್ಕೆ ಸಂಚಕಾರ ತರುವುದೂ ಉಂಟು. ಗಂಡಸಿಗೆ ಸ್ಥಳೀಯ ಅರಿವಳಿಕೆ ಕೊಟ್ಟು, ಹೊಲಿಗೆಯಿಲ್ಲದೆ ಸಣ್ಣ ರಂಧ್ರದ ಮೂಲಕ ವೀರ್ಯನಾಳವನ್ನು ಕತ್ತರಿಸುತ್ತಾರೆ, ಅಂದೇ ಮನೆಗೆ ಹೋಗಬಹುದು. ಪುರುಷ ಹಾರ್ಮೋನು ಎಂದಿನಂತೆ ರಕ್ತಕ್ಕೆ ಸೇರುತ್ತಿರುವುದರಿಂದ ಶಕ್ತಿ ಕುಂದುವ ಪ್ರಶ್ನೆಯಿಲ್ಲ. ನೆನಪಿಡಬೇಕಾದದ್ದೊಂದೇ: ನಾಳದಲ್ಲಿ ಉಳಿದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬೇರೆ ವಿಧಾನ ಬಳಸಿ ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು.

ಇಷ್ಟನ್ನೂ ಓದಿದ ನನ್ನ ಗಂಡ, ಒಂದು ಭಾನುವಾರ ಊಟಕ್ಕೆ ಕುಳಿತಾಗ ತಾನೇ ಆಪರೇಷನ್ ಮಾಡಿಸಿಕೊಳ್ಳುವ ಮಾತೆತ್ತಿದರು. ಅತ್ತೆಯವರು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, "ನಿನಗ್ಯಾಕೋ ಅದೆಲ್ಲ? ಅವಳಿಗೆ ವಂಕಿ ಇದೆಯಲ್ಲ, ಚೆನ್ನಾಗೇ ಇದೆ" ಎಂದರು.